ಕೈ ಎತ್ತಿದ ಗೊಂಬೆ

"ಲೈಟ್ ಆರಿಸೋಕೆ ಮುಂಚೆ ಯಾರಾದ್ರೂ ಆ ಟ್ಯಾಕೆಟ್ ಬಾಯಿ ಮೂಸಿ ನೋಡ್ರಪ್ಪಾ! ಅಣ್ಣ ಕುಡಿದು ನನ್ನ ಕಾರನ್ನ ಕಣಿವೆಗೆ ಇಳಿಸ್ದ. ತಮ್ಮ ಕುಡಿದು ನನ್ನ ಪ್ರೊಜೆಕ್ಟರ್ ಮೇಲೆ ಬಿದ್ರೆ ನಾನ್ಯಾರ ಮುಂದೆ ಅಳ್ಲಿ?"

ಹಾರ್ಲನ್ ಪ್ರೂಯಿಟ್ ಇಷ್ಟು ಹೇಳಿ, ಸಿಗಾರನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಸಾಗಿಸಿ, ನಗುವವರು ನಗಲಿ ಎಂದು ಕಾದ.

ನಕ್ಕರು. ನಗದೆ ಏನು ಮಾಡುತ್ತಾರೆ? ಬ್ಲೂ ಮೇಸಾ ಪಿಕ್ಚರ್ಸ್‌ನಲ್ಲಿ ನಿರ್ಮಾಪಕನೂ ಅವನೇ, ನಿರ್ದೇಶಕನೂ ಅವನೇ, ನಾಳೆ ಯಾರಿಗೆ ಕೆಲಸ ಉಂಟು ಯಾರಿಗಿಲ್ಲ ಎಂದು ಹೇಳುವ ಬಾಯಿಯೂ ಅದೇ. ಕ್ಯಾಮೆರಾದವನು ನಕ್ಕ. ಮೇಕಪ್ಪಿನವನು ನಕ್ಕ. ನಾಯಕನ ಪಾತ್ರದವನು ಹೊಸದಾಗಿ ಕಟ್ಟಿಸಿಕೊಂಡ ಹಲ್ಲೆಲ್ಲ ಕಾಣುವಂತೆ ನಕ್ಕ.

ಆ ಹಲ್ಲಿನವನ ಬದಲು ಕಾರು ಓಡಿಸುವ ಡ್ಯೂಪ್ ಓರಿನ್ ಟ್ಯಾಕೆಟ್ ಬಾಗಿಲ ಬಳಿ ನಿಂತಿದ್ದ. ಅವನ ಕಿವಿ ಕೆಂಪಾಯಿತು, ಮುಷ್ಟಿ ಬಿಗಿಯಿತು. ಆದರೆ ಅವನು ನೋಡಿದ್ದು ಪ್ರೂಯಿಟ್‌ನನ್ನಲ್ಲ. ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ ವೆಲ್ಡಾ ಮೂನಿಯನ್ನು.

ವೆಲ್ಡಾ ನಗಲಿಲ್ಲ. ತಿರುಗಿಯೂ ನೋಡಲಿಲ್ಲ. ಮಣಿಕಟ್ಟಿನ ಹಿಂಬದಿಯಿಂದ ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿಕೊಂಡಳು, ಅಷ್ಟೇ. ಬೆರಳ ನಡುವೆ ಸದಾ ಪೆನ್ಸಿಲು ಇರುತ್ತಿದ್ದುದರಿಂದ ಅಂಗೈ ಬಳಸದೆ ಮಣಿಕಟ್ಟಿನಲ್ಲೇ ತಳ್ಳಿಕೊಳ್ಳುವ ಅಭ್ಯಾಸ ಅವಳದು. ಆಗ ಕಿರುಬೆರಳು ತಾನೇ ತಾನಾಗಿ ಮೇಲೇಳುತ್ತಿತ್ತು. ಹೇಳುವುದಕ್ಕೆ ಮಾತಿಲ್ಲದಾಗ, ಇದ್ದೂ ಹೇಳಬಾರದಾದಾಗ ಹೀಗೆ ಮಾಡುತ್ತಿದ್ದಳು. ಓರಿನ್‌ಗೆ ಇದೆಲ್ಲ ಬಾಯಿಪಾಠ. ಬೇರೆಯವರು ಬೈಬಲ್ ಓದುವಷ್ಟು ಭಕ್ತಿಯಿಂದ ಅವನು ಆ ಕೈಯನ್ನು ಓದಿಕೊಂಡಿದ್ದ.

ಅವಳು ಅಣ್ಣನ ಹುಡುಗಿ. ಕ್ಲೆಲ್ ಸತ್ತ ಮೇಲೂ ಅಣ್ಣನ ಹುಡುಗಿಯೇ. ಅದು ಓರಿನ್ ತನಗೆ ತಾನೇ ಹಾಕಿಕೊಂಡ ಬೇಲಿ.

ಕಳೆದ ಅಕ್ಟೋಬರಿನಲ್ಲಿ ಸಾಗಸ್ ಊರಿನ ಮೇಲಿನ ಗುಡ್ಡದ ತಿರುವಿನಲ್ಲಿ ಕ್ಲೆಲ್ ಟ್ಯಾಕೆಟ್ ಓಡಿಸುತ್ತಿದ್ದ ಕಾರು ಕಣಿವೆಗೆ ಉರುಳಿತ್ತು. ಒಳಗೆ ವಿಸ್ಕಿ ಬಾಟಲಿ ಸಿಕ್ಕಿತು. ವಿಚಾರಣೆಯಲ್ಲಿ ಪ್ರೂಯಿಟ್ ಬೈಬಲ್ ಮುಟ್ಟಿ ಹೇಳಿದ: ಶೂಟಿಂಗು ಮುಗಿದಿತ್ತು, ಎಲ್ಲರೂ ಇಳಿದು ಹೋಗಿದ್ದರು, ನಾನು ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ, ಅವನು ಕುಡಿದ ಮತ್ತಿನಲ್ಲಿ ಒಬ್ಬನೇ ಕಾರು ಹೊರಡಿಸಿದ. ಪತ್ರಿಕೆಯವರು ಅದನ್ನೇ ಬರೆದರು. ಬೇಕರ್ಸ್‌ಫೀಲ್ಡ್‌ನಲ್ಲಿ, ಕಾಫಿ ಕುಡಿಯುವುದಕ್ಕೂ ದೇವರ ಅಪ್ಪಣೆ ಕೇಳುವ ಅವರ ತಾಯಿ ಅದನ್ನು ಓದಿದಳು. ಅಂದಿನಿಂದ ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರತೊಡಗಿದಳು.

ಆ ಹಿಂದಿನ ಬೆಂಚಿಗಾಗಿಯೇ ಓರಿನ್ ಈ ನಾಯಿಪಾಡಿನ ಕೆಲಸ ಹಿಡಿದಿದ್ದ. ಅಣ್ಣ ಕುಡಿದಿರಲಿಲ್ಲ. ಇದನ್ನು ಸಾಬೀತು ಮಾಡದೆ ಅವನು ತಾಯಿಯ ಮುಂದೆ ನಿಲ್ಲುವಂತಿರಲಿಲ್ಲ.

ದೀಪ ಆರಿತು. ಹೊಸ ಚಿತ್ರದ ಜೋಡಿಸಿದ ರೀಲು ಓಡತೊಡಗಿತು.

ತೆರೆಯ ಮೇಲೆ ರಾತ್ರಿ. ರಾತ್ರಿ ಅಂದರೆ ಬ್ಲೂ ಮೇಸಾದವರ ರಾತ್ರಿ: ಉರಿಬಿಸಿಲಿನಲ್ಲಿ ಕ್ಯಾಮೆರಾದ ಮೂತಿಗೆ ಒಂದು ಕಪ್ಪು ಗಾಜು ತೊಡಿಸಿದರೆ ಆಯಿತು. ಚಂದ್ರನ ನೆರಳು ಮಧ್ಯಾಹ್ನದ ನೆರಳಿನ ಹಾಗೆ ಕಾಲಡಿಯಲ್ಲಿ ಬಿದ್ದಿರುತ್ತದೆ. ಯಾರಿಗೂ ಬೇಸರವಿಲ್ಲ. ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಬಯಲಲ್ಲಿ ಪ್ರೇಕ್ಷಕರು ತೆರೆ ನೋಡುವುದೇ ಕಡಿಮೆ.

ಕಪ್ಪು ಕಾರು ಬಿಳಿ ಕಾರನ್ನು ಬೆನ್ನಟ್ಟುತ್ತಿತ್ತು. ನಿಜಕ್ಕೂ ಇದ್ದದ್ದು ಒಂದೇ ಕಾರು. ಎಡಮೈಗೆ ಕಪ್ಪು ಬಣ್ಣ, ಎಂಟು ನಂಬರು: ಅದು ನಾಯಕನದು. ಬಲಮೈಗೆ ಬಿಳಿ ಬಣ್ಣ, ಮೂವತ್ತೊಂದು ನಂಬರು: ಅದು ಖಳನದು. ಒಮ್ಮೆ ಈ ಮೈ ಹಿಡಿದು, ಒಮ್ಮೆ ಆ ಮೈ ಹಿಡಿದು, ಕತ್ತರಿಸಿ ಅಂಟಿಸಿದರೆ ಎರಡು ಕಾರು. ತನ್ನನ್ನು ತಾನೇ ಬೆನ್ನಟ್ಟಿ ಎಂದೂ ಸಿಗದ ಕಾರು. ಕ್ಲೆಲ್ ಓಡಿಸಿದ್ದು ಕಣಿವೆಗೆ ಹೋದ ಮೇಲೆ ಅಂಥದೇ ಇನ್ನೊಂದು ತಂದು ಅದೇ ಬಣ್ಣ, ಅದೇ ನಂಬರು ಬಳಿದಿದ್ದರು. ಬಿಳಿ ಮೈಯ ಕಡೆಯಿಂದ ನೋಡಿದರೆ ಓಡಿಸುವವನು ಆಚೆ ಬದಿಗೆ ಹೋಗಿಬಿಡುತ್ತಾನೆ. ಈಚೆ ಸೀಟು ಬೋಳಾಗಿ ಕಾಣಬಾರದಲ್ಲ? ಅದಕ್ಕೆ ಅಲ್ಲೊಂದು ಗೊಂಬೆ ಕೂರಿಸುತ್ತಿದ್ದರು. ಬಟ್ಟೆ ಅಂಗಡಿಯ ಕಿಟಕಿಯಲ್ಲಿ ನಿಲ್ಲಿಸುವಂಥದ್ದು. ತಲೆಗೆ ಚುಕ್ಕಿಯ ಸ್ಕಾರ್ಫು. ಖಳನ ಪ್ರೇಯಸಿ. ಕಂಪನಿಯವರೆಲ್ಲ ಅವಳನ್ನು ಮೇಬೆಲ್ ಎಂದು ಕರೆಯುತ್ತಿದ್ದರು.

ಬಿಳಿ ಕಾರು ತಿರುವಿಗೆ ಬಂತು. ತಿರುಗಲಿಲ್ಲ. ಕಟಕಟೆ ಮುರಿದು ಗಾಳಿಗೆ ಹಾರಿತು.

"ಭಲೇ!" ಎಂದು ಯಾರೋ ಸಿಳ್ಳೆ ಹೊಡೆದರು.

ಓರಿನ್ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದ. ಕಾರು ಹಾರಿದ್ದಕ್ಕಲ್ಲ. ಹಾರುವ ಮುಂಚಿನ ಆ ಒಂದು ಚೂರಿಗೆ. ಕಟಕಟೆಗೆ ತಾಗುವ ಮೊದಲು, ಈಚೆ ಸೀಟಿನಲ್ಲಿ ಕುಳಿತಿದ್ದ ಮೇಬೆಲ್ ಕೈ ಎತ್ತಿದಳು.

ಗೊಂಬೆ ಕೈ ಎತ್ತಿತು!

ಎತ್ತಿ, ಮಣಿಕಟ್ಟಿನ ಹಿಂಬದಿಯಿಂದ ಸ್ಕಾರ್ಫನ್ನು ಕಿವಿಯ ಹಿಂದಕ್ಕೆ ತಳ್ಳಿಕೊಂಡಿತು. ಕಿರುಬೆರಳು ಮೇಲೆದ್ದಿತ್ತು.

"ಇನ್ನೊಂದ್ಸಲ ಹಾಕಿ," ಎಂದ ಓರಿನ್ ಕತ್ತಲಲ್ಲಿ.

"ಏನನ್ನ?" ಪ್ರೂಯಿಟ್‌ನ ದನಿ.

"ಆ ಬೀಳೋದನ್ನ."

ಪ್ರೊಜೆಕ್ಟರು ಗಕ್ಕನೆ ನಿಂತಿತು. ದೀಪ ಹತ್ತಿತು. ಪ್ರೂಯಿಟ್ ಕುರ್ಚಿಯಲ್ಲೇ ತಿರುಗಿದ. "ಅದು ಹಳೇ ತುಣುಕು ಕಣೋ. ಯಾವ್ದೋ ಹಳೇ ಚಿತ್ರದ್ದು. ಬೀಳೋ ಕಾರು ಸಿಕ್ರೆ ಯಾರು ಬಿಸಾಕ್ತಾರೆ?"

"ಹಳೇದು ಹೆಂಗಾಗತ್ತೆ? ಮೂವತ್ತೊಂದು ನಂಬರು ಇದೆ. ಆ ನಂಬರನ್ನ ಪೇಂಟರ್ ಚೇವೋ ಮೊದಲ್ನೇ ಸಲ ಬರೆದದ್ದು ನಮ್ಮಣ್ಣ ಸತ್ತ ವಾರ."

ಆಡಿದ ಮೇಲೆ ಓರಿನ್‌ಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಸಿಟ್ಟಿನ ಕೈಗೆ ಬುದ್ಧಿ ಕೊಡುವುದು ಅವನ ಹುಟ್ಟುಗುಣ. ಕೈ ಎತ್ತಿದ ವಿಷಯವನ್ನು ಮಾತ್ರ ಹಲ್ಲಿನೊಳಗೇ ಕಚ್ಚಿ ಹಿಡಿದ.

"ನೋಡ್ರಪ್ಪಾ! ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನಂಬರ್ ಓದೋದು ಕಲ್ತಿದಾನೆ. ಚಪ್ಪಾಳೆ ತಟ್ರಿ!" ಎಂದ ಪ್ರೂಯಿಟ್. ಈ ಸಲ ನಗು ಅಷ್ಟಾಗಿ ಬರಲಿಲ್ಲ. ಪ್ರೂಯಿಟ್ ಸಿಗಾರನ್ನು ಕೈಗೆ ತೆಗೆದುಕೊಂಡು ಅದರ ತುದಿಯನ್ನೇ ನೋಡಿದ. ಆಮೇಲೆ ಬಹಳ ಮೆತ್ತಗೆ ಹೇಳಿದ: "ಮಧ್ಯಾಹ್ನ ಗುಡ್ಡದ ಮೇಲೆ ಒಂದು ಶಾಟ್ ಉಳಿದಿದೆ. ಬಿಳೀ ಮೈದು. ನೀನೇ ಓಡಿಸು, ಓರಿನ್. ಅದೇ ತಿರುವು. ನಿಮ್ಮಣ್ಣನಿಗಿಂತ ಚೆನ್ನಾಗಿ ಓಡಿಸ್ತೀಯಾ ಅಂತ ತೋರ್ಸು."

ಅವನು ಓರಿನ್‌ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ವೆಲ್ಡಾ ಆಗಲೇ ಹೊರಗೆ ಹೋಗಿಬಿಟ್ಟಿದ್ದಳು.

*

ಸ್ಟುಡಿಯೋ ಹಿಂದೆ ಜೋಲು ಕೊಂಬೆಯ ಪೆಪ್ಪರ್ ಮರಗಳ ಕೆಳಗೆ ತಗಡಿನ ಶೆಡ್ಡು. ಅಲ್ಲಿನ ಒಡೆಯ ಯೂಸೇಬಿಯೋ ಲುಹಾನ್, ಎಲ್ಲರ ಬಾಯಲ್ಲಿ ಚೇವೋ. ಕಾರು ರಿಪೇರಿಯೂ ಅವನದೇ, ಬಣ್ಣ ಬಳಿಯುವುದೂ ಅವನದೇ. ಓರಿನ್ ಹೋದಾಗ ಅವನು ಒಂದು ಕೈಯಲ್ಲಿ ಜೋಳದ ಎಲೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬು ತಿನ್ನುತ್ತ ಇನ್ನೊಂದು ಕೈಯಲ್ಲಿ ಲಾರಿಗೆ ಹಗ್ಗ ಬಿಗಿಯುತ್ತಿದ್ದ.

"ಎಲ್ಲಿಗೆ ಹೊರಟೆ?"

"ಫ್ರೆಸ್ನೋಗೆ. ಟೈರ್ ತರ್ಬೇಕಂತೆ, ಈಗಿಂದೀಗ್ಲೇ. ಇಲ್ಲೆಲ್ಲೂ ಸಿಗಲ್ವಂತೆ ಟೈರು! ದೊರೆಗಳ ತಲೆಗೆ ಏನು ಹೊಳೆಯತ್ತೋ ಮಗಾ, ನಮ್ಮಪ್ಪನಾಣೆ ಗೊತ್ತಾಗಲ್ಲ."

ಓರಿನ್ ಸುತ್ತ ಕಣ್ಣಾಡಿಸಿದ. ಮೂಲೆಯಲ್ಲಿ, ಕಾಲು ಮುರಿದ ಕುರ್ಚಿಯ ಮೇಲೆ, ಮೇಬೆಲ್ ಕುಳಿತಿದ್ದಳು. ಕೆನ್ನೆಯಲ್ಲಿ ಗುಳಿ, ಕಣ್ಣಲ್ಲಿ ಮಾಸದ ನಗು. ಯಾರೋ ಅವಳ ಮಡಿಲಲ್ಲಿ ಖಾಲಿ ಬಣ್ಣದ ಡಬ್ಬ ಇಟ್ಟಿದ್ದರು.

"ಚೇವೋ, ಕ್ಲೆಲ್ ಹೋದ ದಿನ ಇವಳೆಲ್ಲಿದ್ಲು?"

"ಮೇಬೆಲಾ? ಇಲ್ಲೇ ಇರ್ಬೇಕು. ಹಿಂದಿನ ದಿನ ಕತ್ತು ಸಡಿಲಾಗಿತ್ತು. ಅಂಟು ಹಾಕಿ ಬಟ್ಟೆ ಸುತ್ತಿಟ್ಟು ಹೋಗಿದ್ದೆ. ಆವತ್ತು ನಾನು ರಜ, ಮೊಮ್ಮಗಳಿಗೆ ಚರ್ಚಲ್ಲಿ ಹೆಸರಿಡೋದಿತ್ತಲ್ಲ. ಮಾರನೇ ದಿನ ಬಂದ್ರೆ ಬಟ್ಟೆ ಸುತ್ಕೊಂಡು ಹಾಗೇ ಕೂತಿದ್ಲು."

"ಹಾಗೇ?"

"ಹಾಗೇ. ಹೊಸ ಮದುಮಗಳ ಥರ."

ಓರಿನ್ ಗೊಂಬೆಯ ಹತ್ತಿರ ಹೋದ. ಮುಖ ತಿರುಗಿಸಿ ನೋಡಿದ, ತೋಳು ನೋಡಿದ, ಬೆರಳು ನೋಡಿದ. ಕತ್ತಿನಲ್ಲಿ ಅಂಟಿನ ಹಳದಿ ಗೆರೆ. ಬೇರೆಲ್ಲೂ ಒಂದು ಗೀರಿಲ್ಲ. ಅಣ್ಣನ ಪಕ್ಕದಲ್ಲಿ ಕುಳಿತು ಕಣಿವೆಗೆ ಹಾರಿದವಳ ಮೂಗಿನ ತುದಿಯೂ ಮುಕ್ಕಾಗಿಲ್ಲ.

"ಇದನ್ನ ಪೊಲೀಸ್ನೋರಿಗೆ ಹೇಳಿದ್ಯಾ?"

ಚೇವೋ ತಮಾಲೆಯ ಎಲೆ ಬಿಸಾಕಿದ. "ಏನಂತ? ಗೊಂಬೆ ಕ್ಷೇಮವಾಗಿದಾಳೆ ಅಂತಲಾ? ನನ್ನಂಥ ಕಂದು ಬಣ್ಣದೋನು ಸ್ಟೇಷನ್ ಬಾಗಿಲಿಗೆ ಹೋದ್ರೆ ಮೊದಲು ನನ್ನೇ ಒಳಗೆ ಹಾಕ್ತಾರೆ. ಅಲ್ದೆ, ಕಾರಲ್ಲಿ ಒಬ್ನೇ ಇದ್ದ ಅಂದ್ರು. ಒಬ್ನೇ ಇದ್ರೆ ಗೊಂಬೆ ಇಲ್ಲಿರೋದು ಸರೀನೇ ಅಲ್ವಾ?"

ಅದೂ ಸರಿಯೇ. ತೆರೆ ನೋಡದವರಿಗೆ.

ಚೇವೋ ಲಾರಿ ಹತ್ತಿ ಕಿಟಕಿಯಿಂದ ತಲೆ ಹಾಕಿದ. "ಕಾರನ್ನ ಆಗ್ಲೇ ಗುಡ್ಡಕ್ಕೆ ಸಾಗಿಸಿದಾರೆ. ಹಿಂದಿನ ಕೆಂಪು ದೀಪದ ತಂತಿ ನಾನು ಕಿತ್ತಿಲ್ಲ, ನೀನೇ ಕಿತ್ಕೋ. ತಂತಿ ಅಷ್ಟೇ ಮತ್ತೆ! ಸ್ವಿಚ್ಚಿಗೆ ಕೈ ಹಚ್ಬೇಡ. ಅದು ಬ್ರೇಕಿನ ಎಣ್ಣೆ ಕೊಳವೆಗೇ ಕೂತಿರೋದು. ಬಿಚ್ಚಿದ್ರೆ ಎಣ್ಣೆಯೆಲ್ಲಾ ಸೋರಿ ಹೋಗತ್ತೆ."

"ನಂಗೇ ಪಾಠ ಹೇಳ್ತೀಯಲ್ಲೋ ಮುದುಕಾ!"

"ಹೇಳೋದು ನನ್ ಧರ್ಮ. ಸಾಯೋದು ಬಿಡೋದು ನಿನ್ನಿಷ್ಟ."

ಬ್ರೇಕು ಒತ್ತಿದರೆ ಹಿಂದಿನ ದೀಪ ಕೆಂಪಗೆ ಉರಿಯುತ್ತದೆ. ಉರಿದರೆ ನಾಯಕ ಹೆದರಿ ಬ್ರೇಕು ಹಾಕಿದ ಎಂದು ನೋಡುವವರಿಗೆ ತಿಳಿದುಬಿಡುತ್ತದೆ. ಬ್ಲೂ ಮೇಸಾದ ಚಿತ್ರಗಳಲ್ಲಿ ಯಾರೂ ಬ್ರೇಕು ಹಾಕುವಂತಿಲ್ಲ. ಆದ್ದರಿಂದ ಪ್ರತಿ ಶಾಟಿಗೂ ಮೊದಲು ಯಾರಾದರೊಬ್ಬರು ಆ ದೀಪವನ್ನು ಕುರುಡು ಮಾಡಲೇಬೇಕು. ಅದು ಅಲ್ಲಿನ ಸಂಪ್ರದಾಯ.

ಓರಿನ್ ಮೇಬೆಲ್‌ಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಬಣ್ಣದ ಡಬ್ಬ ಉರುಳಿ ಸದ್ದು ಮಾಡಿತು.

ಯಾರ ಕೈ ಅದು ಎಂದು ಅವನು ಯೋಚಿಸಬೇಕಾಗಿಯೇ ಇರಲಿಲ್ಲ. ಯೋಚಿಸಬೇಕಾದದ್ದು ಬೇರೆಯೇ ಇತ್ತು. ಆ ಕೈಯನ್ನು ತೋರಿಸಿದರೆ ಪ್ರೂಯಿಟ್ ಹೇಳಿದ್ದು ಸುಳ್ಳೆಂದಾಗಿ ಅಣ್ಣನ ಹೆಸರು ಉಳಿಯುತ್ತದೆ, ತಾಯಿ ಮುಂದಿನ ಬೆಂಚಿಗೆ ಬರುತ್ತಾಳೆ. ಆದರೆ ವಿಚಾರಣೆಯಲ್ಲಿ ಸತ್ಯ ಮುಚ್ಚಿಟ್ಟದ್ದಕ್ಕೆ ಅದೇ ಕೈಗೆ ಬೇಡಿ ಬೀಳುತ್ತದೆ.

*

ಗುಡ್ಡದ ಮೇಲೆ ಒಣಗಿದ ಪೊದೆಗಳ ವಾಸನೆ, ಬಿಸಿಗಾಳಿ. ಕೆಳಗೆ, ಕಣಿವೆಯ ಆಚೆ, ಕಿತ್ತಳೆ ತೋಟಗಳನ್ನು ಕಡಿದು ಸಾಲುಸಾಲಾಗಿ ಮನೆ ಕಟ್ಟುತ್ತಿದ್ದರು. ಕ್ಲೆಲ್ ಅಂಥದೊಂದು ಮನೆ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದ. ಒಂದೇ ಒಂದು ಕಿತ್ತಳೆ ಮರವನ್ನಾದರೂ ಹಿತ್ತಿಲಲ್ಲಿ ಉಳಿಸಿಕೊಳ್ಳುತ್ತೇನೆ, ವೆಲ್ಡಾಳಿಗೆ ಕಿತ್ತಳೆ ಅಂದರೆ ಪ್ರಾಣ ಎನ್ನುತ್ತಿದ್ದ. ಅಣ್ಣ ಹೀಗೆ ಹೇಳುವಾಗಲೆಲ್ಲ ಓರಿನ್ ಕಾರಿನ ಕೆಳಗೆ ತೂರಿಕೊಂಡು ಏನೋ ರಿಪೇರಿ ಮಾಡುವವನ ಹಾಗೆ ಮುಖ ಮುಚ್ಚಿಕೊಳ್ಳುತ್ತಿದ್ದ.

ತಿರುವಿನಲ್ಲಿ ಕ್ಯಾಮೆರಾ ನಿಂತಿತ್ತು. ಅದರ ಪಕ್ಕ ತುತ್ತೂರಿಯಂಥ ಮೆಗಾಫೋನು ಹಿಡಿದ ಪ್ರೂಯಿಟ್. ಕಟಕಟೆಯ ಮುರಿದ ಜಾಗಕ್ಕೆ ಹೊಸ ಮರದ ತೊಲೆ ಹಾಕಿದ್ದರು. ಬಣ್ಣ ಕಾಣದ ಅದು ಬಾಯಲ್ಲಿ ಕಟ್ಟಿಸಿದ ಹಲ್ಲಿನ ಹಾಗೆ ಬೇರೆಯಾಗಿ ಕಾಣುತ್ತಿತ್ತು.

ಊಟ ಮುಗಿದ ಮೇಲೆ ಓರಿನ್ ಕಾರನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಏರಿನ ತುದಿಗೆ ತಂದು ನಿಲ್ಲಿಸಿದ. ಬ್ರೇಕು ಹಿತವಾಗಿ ಹಿಡಿಯಿತು. ಹಿಂದಿನ ದೀಪ ಉರಿಯಲಿಲ್ಲ. ತಂತಿ ಕಿತ್ತಾಗಿದೆ ಎಂದು ಕೆಳಗಿನಿಂದ ಪ್ರೂಯಿಟ್ ಕೈಸನ್ನೆ ಮಾಡಿದ.

ಮೇಬೆಲ್‌ಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ್ದಾಯಿತು. ಸ್ವಲ್ಪ ಹೊತ್ತಿಗೆ ವೆಲ್ಡಾ ಏರು ಹತ್ತಿ ಬಂದಳು. ಹಿಂದಿನ ಶಾಟಿಗೂ ಮುಂದಿನ ಶಾಟಿಗೂ ಕೂದಲೆಳೆ ವ್ಯತ್ಯಾಸ ಬರದಂತೆ ನೋಡಿಕೊಳ್ಳುವುದು ಅವಳ ಕೆಲಸ. ಬಿಳಿ ಮೈಯ ಕಿಟಕಿಯಿಂದ ಬಾಗಿ ಮೇಬೆಲ್‌ಳ ಸ್ಕಾರ್ಫಿಗೆ ಕೈ ಹಾಕಿದಳು. ಅವಳ ಅಂಗಿಯ ತೋಳಿನ ಅಂಚಿಗೆ ಎಣ್ಣೆಯ ಹಸಿ ಕಲೆ ಇತ್ತು. ಓರಿನ್ ಅದನ್ನು ನೋಡಿದ. ನೋಡಿಯೂ, ಆ ಹೊತ್ತಿಗೆ ಅವನಿಗೆ ಕಂಡದ್ದು ತೋಳಷ್ಟೇ.

"ಗಂಟು ಕಿವಿ ಕೆಳಗೆ ಬರ್ಬೇಕು," ಎಂದಳು, ಗೊಂಬೆಗೆ ಹೇಳುವಂತೆ.

"ವೆಲ್ಡಾ, ಕ್ಲೆಲ್ ಹೋದ ದಿನ ನೀವು ಸ್ಯಾನ್ ಬರ್ನಾರ್ಡಿನೋದಲ್ಲಿ ಅಕ್ಕನ ಮನೇಲಿದ್ರಿ, ಅಲ್ವಾ?"

"ಹೂಂ."

"ಆವತ್ತೇ ನಿಮ್ಮ ಭುಜದ ಮೂಳೆ ಹೆಂಗೆ ಮುರೀತು ಅಂದ್ರಿ?"

"ಮೆಟ್ಲ ಮೇಲಿಂದ ಬಿದ್ದೆ. ಎಷ್ಟು ಸಲ ಹೇಳ್ಲಿ? ಇವತ್ಯಾಕೆ ಅದೆಲ್ಲಾ?"

"ಬೆಳಿಗ್ಗೆ ತೆರೆ ಮೇಲೆ ಮೇಬೆಲ್ ಕೈ ಎತ್ತಿದ್ಲು."

ಗಂಟು ಕಟ್ಟುತ್ತಿದ್ದ ಬೆರಳುಗಳು ನಿಂತವು.

"ಬೆಳಕಿನ ಆಟ ಇರ್ಬೇಕು."

"ಮಣಿಕಟ್ಟಿನಿಂದ ಹಿಂಗೆ ಹಿಂದಕ್ಕೆ ತಳ್ಕೊಂಡ್ಲು. ಕಿರುಬೆರಳು ಎತ್ಕೊಂಡು."

"ಆ ಕತ್ಲಲ್ಲಿ, ಆ ಓಟದಲ್ಲಿ, ಅಷ್ಟು ಸಣ್ಣದು ಯಾರಿಗೆ ಕಾಣತ್ತೆ ಓರಿನ್?"

"ಎರಡು ವರ್ಷದಿಂದ ಅದನ್ನೇ ನೋಡ್ತಿರೋನಿಗೆ ಕಾಣತ್ತೆ."

ಆಡಬಾರದು ಎಂದು ಕಟ್ಟಿಟ್ಟಿದ್ದ ಮಾತು. ಅದು ಹೊರಬಿದ್ದದ್ದು ಇಂಥ ಹೊತ್ತಿನಲ್ಲಿ, ಇಂಥ ಕೆಲಸಕ್ಕೆ. ಬಾಯಿ ಬಿಟ್ಟರೆ ಪ್ರೀತಿ, ಆದರೆ ಬಂದದ್ದು ಪೊಲೀಸಿನವನ ಪ್ರಶ್ನೆಯಾಗಿ. ಓರಿನ್ ಸ್ಟೀರಿಂಗನ್ನೇ ನೋಡುತ್ತ ಕುಳಿತ. ಇಬ್ಬರ ನಡುವೆ ಮೇಬೆಲ್ ನಗುತ್ತಿದ್ದಳು.

ವೆಲ್ಡಾ ಕಿಟಕಿಯ ಅಂಚಿಗೆ ಗಲ್ಲ ಊರಿ, ಬಹಳ ಸುಸ್ತಾದವಳಂತೆ ಹೇಳಿದಳು.

"ಉಳಿದೋರನ್ನೆಲ್ಲಾ ಪ್ರೂಯಿಟ್ ಆಗ್ಲೇ ಕಳಿಸಿಬಿಟ್ಟಿದ್ದ. ಮೇಬೆಲ್ ಕತ್ತಿನ ಅಂಟು ಒಣಗಿರ್ಲಿಲ್ಲ. ಸೀಟ್ ಖಾಲಿ ಇದ್ರೆ ಶಾಟ್ ಆಗಲ್ಲ ಅಂತ ಪ್ರೂಯಿಟ್ ಕೋಟನ್ನೇ ಮಡಿಸಿ ಕೂರಿಸೋಣ ಅಂದ. ಅವನು ಕ್ಯಾ‌ಮೆರಾ ಹತ್ರ ಇಳಿದು ಹೋದ್ಮೇಲೆ ಕ್ಲೆಲ್ ಕಣ್ಣು ಹೊಡೆದ. 'ನೀನೇ ಕೂತ್ಕೋ ಬಾ. ಇಬ್ರೂ ಒಂದೇ ಸಿನಿಮಾದಲ್ಲಿ ಇದ್ದಂಗಾಯ್ತು, ಮುಂದೆ ಮಕ್ಕಳಿಗೆ ತೋರಿಸ್ಬೋದು' ಅಂದ. ಸ್ಕಾರ್ಫ್ ಕಟ್ಕೊಂಡು ಕೂತೆ."

"ಕುಡಿದಿದ್ನಾ?"

"ಛೇ! ನಿಮ್ಮಣ್ಣನ್ನ ನಿನಗೆ ನಾನು ಹೇಳ್ಬೇಕಾ? ಹಾಡು ಹೇಳ್ತಿದ್ದ. ನಿಮ್ಮಮ್ಮ ಹೇಳೋ ಆ ದೇವರ ಹಾಡು, ಅದನ್ನೇ ಜೋರಾಗಿ, ಕೆಟ್ಟ ರಾಗದಲ್ಲಿ. ತಿರುವು ಹತ್ರ ಬಂತು. ಪ್ರೂಯಿಟ್ ಕ್ಯಾಮೆರಾ ಬಿಟ್ಟು ಕೈ ಬೀಸ್ತಾ ಎದುರಿಗೆ ಓಡಿ ಬಂದ. 'ನೀನ್ಯಾಕೆ, ನೀನ್ಯಾಕೆ' ಅಂತ ಕಿರುಚ್ತಿದ್ದ. ಸ್ಕಾರ್ಫ್ ಜಾರಿದೆಯೇನೋ ಅಂದ್ಕೊಂಡು ಸರಿ ಮಾಡ್ಕೊಂಡೆ. ನೀನು ನೋಡಿದ್ದು ಅದೇ."

"ಕ್ಲೆಲ್ ಏನ್ಮಾಡ್ತಿದ್ದ?"

"ಹಾಡು ನಿಲ್ಸಿ ಕಾಲಲ್ಲಿ ತಾಳ ಹಾಕೋಕೆ ಶುರು ಮಾಡ್ದ. ನೆಲಕ್ಕೆ ಧಪ್, ಧಪ್, ಧಪ್ ಅಂತ. ನಾನು ನಗ್ತಿದ್ದೆ ಓರಿನ್. ಕೊನೇ ಗಳಿಗೇಲಿ ನಾನು ನಗ್ತಾ ಇದ್ದೆ." ಅವಳ ದನಿ ಒಡೆಯಿತು. "ಬಾಗಿಲು ಕಿತ್ಕೊಂಡು ನಾನು ಪೊದೆಗೆ ಬಿದ್ದೆ. ಅವನು ಹೊರಗೆ ಬೀಳ್ಲಿಲ್ಲ."

ವೆಲ್ಡಾಳಿಗೆ ಕಾರು ಓಡಿಸಲು ಬರುವುದಿಲ್ಲ. ಎಲ್ಲರೂ ಕಾರಿಟ್ಟುಕೊಂಡ ಈ ಊರಿನಲ್ಲಿ ಹುಟ್ಟಿಯೂ ಕೆಂಪು ಟ್ರಾಮಿನಲ್ಲೇ ಓಡಾಡುವವಳು. ಅವಳಿಗೆ ತಾಳ ಅನ್ನಿಸಿದ್ದು ತಾಳವಲ್ಲ. ತಿರುವಿನಲ್ಲಿ ಯಾವ ಡ್ರೈವರೂ ತಾಳ ಹಾಕುವುದಿಲ್ಲ. ಅಣ್ಣ ತುಳಿಯುತ್ತಿದ್ದದ್ದು ಬ್ರೇಕು. ಮತ್ತೆ ಮತ್ತೆ ತುಳಿದರೂ ಅದು ನೆಲಕ್ಕೆ ಹೋಗುತ್ತಿತ್ತು.

"ಟ್ಯಾಕೆಟ್!" ಕೆಳಗಿನಿಂದ ಮೆಗಾಫೋನು ಕೂಗಿತು. "ಬಿಸಿಲು ಇಳೀತಿದೆ. ಆಮೇಲೆ ನಿಜವಾದ ರಾತ್ರಿ ಬಂದ್ರೆ ಶಾಟ್ ತೆಗೆಯೋಕಾಗಲ್ಲ!"

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಪ್ರೂಯಿಟ್ ನನ್ನ ಹೊತ್ಕೊಂಡು ಬಂದ. 'ನೀನಿದ್ದದ್ದು ಗೊತ್ತಾದ್ರೆ ಇಬ್ರೂ ಕುಡ್ಕೊಂಡು ಕಾರಲ್ಲಿ ಏನೇನೋ ಮಾಡ್ತಿದ್ರು ಅಂತ ಪತ್ರಿಕೇಲಿ ಬರೀತಾರೆ, ಕ್ಲೆಲ್ ತಾಯಿ ಅದನ್ನ ಓದ್ಬೇಕಾ?' ಅಂದ. ನಾನು ಸುಮ್ನಾದೆ. ಬಾಟಲಿ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಆಸ್ಪತ್ರೆಗೆ ದಿನಾ ಬರ್ತಿದ್ದ. ಕಿತ್ತಳೆ ಸುಲಿದು ಕೊಡ್ತಿದ್ದ. ಪಾಪ ಅನ್ನಿಸ್ತು. ಹೋದ ತಿಂಗಳು ಮದುವೆ ಆಗ್ತೀಯಾ ಅಂತ ಕೇಳ್ದ."

"ಏನಂದೆ?"

ಇಷ್ಟು ದಿನ ಬಹುವಚನದ ಬೇಲಿಯಾಚೆ ನಿಂತಿದ್ದವನು ಒಂದೇ ಮಾತಿಗೆ ಒಳಗೆ ಬಂದುಬಿಟ್ಟಿದ್ದ. ಅವಳಿಗೂ ಅದು ತಿಳಿಯಿತು. ಕೆನ್ನೆ ಬಣ್ಣ ತಿರುಗಿತು.

"ಏನೂ ಅನ್ಲಿಲ್ಲ. ಕೇಳ್ಬೇಕಾದೋರು ಬೇರೆ ಯಾರೋ ಇದಾರೆ, ಇವತ್ತಲ್ಲ ನಾಳೆ ಕೇಳ್ತಾರೆ ಅಂತ ಕಾಯ್ತಿದ್ದೆ. ಅವರಿಗೆ ಕಾರಿನ ಕೆಳಗೆ ತೂರಿಕೊಳ್ಳೋದೇ ಕೆಲ್ಸ."

ಆ ಗಳಿಗೆ ಅಲ್ಲಿಗೇ ನಿಂತಿದ್ದರೆ! ಗುಡ್ಡ, ಬಿಸಿಲು, ಕೆಳಗೆ ಉಳಿದ ನಾಲ್ಕು ಕಿತ್ತಳೆ ಮರ. ಅಲ್ಲಿಗೇ ಕ್ಯಾಮೆರಾ ನಿಲ್ಲಿಸಿ ರೀಲು ಕತ್ತರಿಸಿ ಎಸೆದಿದ್ದರೆ ಅವನು ಬೇರೇನೂ ಕೇಳುತ್ತಿರಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ತಾಯಿ ಕುಳಿತಿದ್ದಳು. ಅವನು ಕೇಳಲೇಬೇಕಾಯಿತು.

"ವೆಲ್ಡಾ, ಆವತ್ತು ಕಾರಿಗೆ ಯಾರು ಕೈ ಹಚ್ಚಿದ್ರು? ಚೇವೋ ಇರ್ಲಿಲ್ಲವಲ್ಲ."

"ಯಾರೂ ಇಲ್ಲ. ಕೆಂಪು ದೀಪ ಒಂದು ಬಿಟ್ರೆ."

"ಅದನ್ನ ಯಾರು ಮಾಡಿದ್ದು?"

"ನಾನೇ. ದೀಪ ಉರಿದ್ರೆ ಬೈಸ್ಕೊಳ್ಳೋಳು ನಾನೇ ಅಲ್ವಾ? ಕಾರಿನ ಕೆಳಗೆ ತೂರೋಕೆ ಅವನ ಹೊಟ್ಟೆ ಎಲ್ಲಿ ಬಿಡತ್ತೆ? ಸ್ಪ್ಯಾನರ್ ಕೊಟ್ಟು, ಇಂಥಾದ್ದು ಬಿಚ್ಚು ಅಂತ ಪ್ರೂಯಿಟ್ ತೋರಿಸಿಕೊಟ್ಟ. ಆ ತೂತಿಗೆ ಹೊಡೆಯೋಕೆ ಒಂದು ಮರದ ಬಿರಡೆನೂ ಕೊಟ್ಟ, ಧೂಳು ಹೋಗ್ಬಾರ್ದು ಅಂತ. ಜೇಬಲ್ಲೇ ಇಟ್ಕೊಂಡಿದ್ದ, ಅಚ್ಚುಕಟ್ಟಾಗಿ ಕೆತ್ತಿ."

ಮೆಲ್ಲಗೆ ಒತ್ತಿದರೆ ಬಿರಡೆ ತಡೆಯುತ್ತದೆ. ಓಟದಲ್ಲಿ ಜೋರಾಗಿ ತುಳಿದರೆ ಹಾರಿಹೋಗಿ ಬ್ರೇಕಿನ ಎಣ್ಣೆಯೆಲ್ಲ ಸುರಿದುಹೋಗುತ್ತದೆ. ಮೊದಲೇ ಕೆತ್ತಿ, ಜೇಬಿನಲ್ಲಿ ಇಟ್ಟುಕೊಂಡು, ಕ್ಲೆಲ್ ಒಬ್ಬನೇ ಹತ್ತುತ್ತಾನೆ ಎಂದು ಕಾದು, ಅವಳ ಕೈಯಿಂದಲೇ ಹೊಡೆಸಿ, ಅವಳೇ ಒಳಗೆ ಕುಳಿತಿರುವುದನ್ನು ಕಂಡು 'ನೀನ್ಯಾಕೆ, ನೀನ್ಯಾಕೆ' ಎಂದು ಕಿರುಚಿದವನು ಕೆಳಗೆ ಮೆಗಾಫೋನು ಹಿಡಿದು ನಿಂತಿದ್ದ.

"ಏನೋ ಟ್ಯಾಕೆಟ್, ಗೊಂಬೆ ಜೊತೆ ಸಂಸಾರ ಮುಗೀಲಿಲ್ವಾ? ಹೊರಡು!"

ವೆಲ್ಡಾ ಮೇಬೆಲ್‌ಳ ಮಡಿಲ ಮೇಲಿಂದ ಕೈ ಚಾಚಿ, ಓರಿನ್‌ನ ಅಂಗೈಯೊಳಗೆ ತನ್ನ ಕೈ ಇಟ್ಟಳು. ಎರಡು ವರ್ಷ ಕನಸಿನಲ್ಲಿ ಹಿಡಿದ ಕೈ. ಬಿಸಿಯಾಗಿತ್ತು. ಅದರ ನಡುವೆ ಏನೋ ತಣ್ಣಗಿನದು ಒತ್ತಿತು. ಅವಳು ಕೈ ತೆಗೆದಾಗ ಅದು ಅವನ ಅಂಗೈಯಲ್ಲಿ ಉಳಿಯಿತು.

ಚಿಕ್ಕ ಹಿತ್ತಾಳೆ ಸ್ವಿಚ್ಚು. ಎಣ್ಣೆ ಇನ್ನೂ ಆರಿರಲಿಲ್ಲ.

"ನೀನೇ ಇಟ್ಕೋ. ನನ್ನ ಹತ್ರ ಇದ್ರೆ ಕಳೆದ್ಹಾಕ್ತೀನಿ. ಆವತ್ತಿಂದು ಹಂಗೇ ಕಳೆದು ಹೋಯ್ತು. ಚೇವೋ ಬಂದ್ಮೇಲೆ ಕೊಡು."

"ಯಾವಾಗ ಬಿಚ್ಚಿದೆ?"

"ಈಗ್ಲೇ, ನೀವೆಲ್ಲಾ ಊಟಕ್ಕೆ ಕೂತಾಗ. ಚೇವೋ ಇಲ್ಲ ನೀನೇ ಮಾಡು ಅಂದ ಪ್ರೂಯಿಟ್. ಆವತ್ತಿನ ಥರಾನೇ..."

ಅವಳ ಮಾತು ಅರ್ಧಕ್ಕೆ ನಿಂತಿತು. ಓರಿನ್‌ನ ಮುಖದಲ್ಲಿ ಅವಳಿಗೆ ಏನೋ ಕಂಡಿತ್ತು. ಅವಳು ತನ್ನ ತೋಳಿನ ಎಣ್ಣೆಯ ಕಲೆ ನೋಡಿಕೊಂಡಳು. ಅವನ ಕಾಲಡಿಯ ಪೆಡಲು ನೋಡಿದಳು. ಮತ್ತೆ ಅವನ ಮುಖ ನೋಡಿದಳು.

"ಓರಿನ್," ಎಂದಳು. "ಅದು ಬರೀ ದೀಪದ್ದು ತಾನೆ?"

ಹೌದು ಎಂದರೆ ಅಣ್ಣ ಕುಡುಕನಾಗಿಯೇ ಉಳಿಯುತ್ತಾನೆ. ಅಲ್ಲ ಎಂದರೆ, ಮದುವೆಯಾಗಬೇಕಿದ್ದವನನ್ನು ತನ್ನ ಕೈಯಾರೆ ಕಣಿವೆಗೆ ದೂಡಿ, ಪಕ್ಕದಲ್ಲಿ ಕುಳಿತು ನಕ್ಕೆ ಎಂಬುದನ್ನು ಹೊತ್ತುಕೊಂಡು ಅವಳು ಬದುಕಬೇಕು. ಇನ್ನೂ ಒಂದಿತ್ತು, ಅದು ಎಲ್ಲಕ್ಕಿಂತ ಹಾಳು. ಅವಳ ಕೈಯನ್ನು ಬಾಯಿಪಾಠ ಮಾಡಿದ್ದವನಿಗೆ ಅವಳ ಕಣ್ಣು ಓದಲು ಬರಲಿಲ್ಲ. ಅದು ಏನೂ ತಿಳಿಯದೆ ಕೇಳುವವಳ ಕಣ್ಣೋ, ತಿಳಿದಿದ್ದೂ ಅವನಿಗೆ ಎಷ್ಟು ತಿಳಿದಿದೆ ಎಂದು ಅಳೆಯುವವಳ ಕಣ್ಣೋ?

ಓರಿನ್ ಕಾರಿನ ಕೀಲಿ ಕಿತ್ತುಕೊಂಡ. ಬಾಗಿಲು ತೆರೆದು ಇಳಿದ. ಮಲಗಿದವರನ್ನು ಎಬ್ಬಿಸಬಾರದು ಎನ್ನುವಷ್ಟು ಮೆಲ್ಲಗೆ ಬಾಗಿಲು ಮುಚ್ಚಿದ.

"ಎಲ್ಲಿಗೋ ಹೊರಟೆ?" ಮೆಗಾಫೋನು ಬೊಬ್ಬಿಟ್ಟಿತು. "ಹೇಡಿ! ನಿಮ್ಮಣ್ಣನಿಗೆ ಕುಡಿದ್ರಾದ್ರೂ ಧೈರ್ಯ ಬರ್ತಿತ್ತು. ನಿನಗೆ ಅದೂ ಗತಿ ಇಲ್ವಲ್ಲೋ!"

ತಿರುವಿನಲ್ಲಿ ನಿಂತವರೆಲ್ಲ ನಕ್ಕರು. ಗುಡ್ಡವೂ ಆ ಮಾತನ್ನು ಎತ್ತಿಕೊಂಡು ಇನ್ನೊಮ್ಮೆ ಹೇಳಿತು.

"ಓರಿನ್, ಹೇಳೋ," ಎಂದಳು ವೆಲ್ಡಾ ಹಿಂದಿನಿಂದ. ಅವಳದು ಸಣ್ಣ ದನಿ, ಆದರೆ ಅವನಿಗೆ ಕೇಳಿದ್ದು ಅದೊಂದೇ. "ಬರೀ ದೀಪದ್ದು ತಾನೆ?"

ಒಂದು ಮುಷ್ಟಿಯಲ್ಲಿ ಕೀಲಿ, ಇನ್ನೊಂದು ಮುಷ್ಟಿಯಲ್ಲಿ ಹಿತ್ತಾಳೆ. ಬೆರಳ ಸಂದಿಯಿಂದ ಎಣ್ಣೆ ಇಳಿಯುತ್ತಿತ್ತು. ಓರಿನ್ ತಿರುಗಿ ನೋಡದೆ, ಇಬ್ಬರಲ್ಲಿ ಯಾರಿಗೂ ಉತ್ತರ ಕೊಡದೆ, ತಿರುವಿಗೆ ಬೆನ್ನು ಹಾಕಿ ಬಿಸಿಲಿನ ರಸ್ತೆಯಲ್ಲಿ ನಡೆದು ಹೋದ.